ಕೊನೆಯ ಆಮೆನ್‌ಗೆ ಮುಂಚೆ

ನವೆಂಬರ್ ಕೊನೆಗೆ ಮುಳುಗಿದ ಸೂರ್ಯ
ಈ ಊರಿಗೆ ಜನವರಿಯವರೆಗೆ ಮುಖ ತೋರಿಸುವುದಿಲ್ಲ.
ಬೆಳಿಗ್ಗೆ ಒಂಬತ್ತಕ್ಕೆ, ಕತ್ತಲಲ್ಲೇ,
ಚರ್ಚಿನ ಮೆಟ್ಟಿಲ ಹಿಮ ಗೋರುತ್ತೇನೆ, ಹೀಟರ್ ಹಚ್ಚುತ್ತೇನೆ.
ಕೊನೆಯ ಆಮೆನ್ ಆದ ಮೇಲೆ ಗಂಟೆ ಹೊಡೆಯುವುದೂ ನನ್ನ ಪಾಲು.
ಇಪ್ಪತ್ತೆರಡು ವರ್ಷ. ಯಾರ ಬೂಟು
ಎಷ್ಟು ಹಿಮ ಒಳಗೆ ತರುತ್ತದೆಂದು
ಪಾದ್ರಿಗಿಂತ ನನಗೆ ಚೆನ್ನಾಗಿ ಗೊತ್ತು.

ಲೆತೆಬ್ರಹಾನ್ ತರುವುದೇ ಇಲ್ಲ.
ಬಾಗಿಲಲ್ಲೇ ಬೂಟು ಕಳಚಿ ಬರುತ್ತಾಳೆ,
ಉರಿವ ಪೊದೆಯ ಮುಂದೆ ಮೋಶೆ ನಿಂತ ಹಾಗೆ.
ಮೊದಲ ಚಳಿಗಾಲ ಮುದುಕಿ ಟೊರ್‌ಬ್ಯೋರ್ಗ್ ಮೂಗು ಮುರಿದಳು:
"ಇದೇನು ಚರ್ಚೋ, ಮಲಗುವ ಕೋಣೆಯೋ?"
ಎರಡನೆಯ ಚಳಿಗಾಲ ಉಣ್ಣೆಯ ಕಾಲುಚೀಲ ಹೆಣೆದು ತಂದು
ಬೆಂಚಿನ ಮೇಲಿಟ್ಟು, ಏನೂ ಹೇಳದೆ ಹೋದಳು.
ಹೆಸರು ಮಾತ್ರ ಇವತ್ತಿಗೂ ತಪ್ಪಾಗಿಯೇ ಕರೆಯುತ್ತಾಳೆ.

ಎಲ್ಲರನ್ನೂ ಕರೆತಂದದ್ದು ಮೀನಿನ ಕಾರ್ಖಾನೆ.
ಎರಿಟ್ರಿಯದವರು, ಬರ್ಮಾದ ಗುಡ್ಡಗಳ ಕರೆನ್ ಜನ,
ತಮ್ಮ ಚರ್ಚು ಏಳು ತಾಸು ದೂರವೆಂದು
ನಮ್ಮಲ್ಲಿಗೇ ಬರುವ ಪೋಲೆಂಡಿನ ಕ್ಯಾಥೊಲಿಕರು.
ಎಷ್ಟು ತಿಕ್ಕಿ ತೊಳೆದರೂ ಭಾನುವಾರ ಎಲ್ಲ ಕೈಗಳಿಗೂ ಒಂದೇ ವಾಸನೆ.
ಇದೇ ಐಕ್ಯ ಎಂದು ಪಾದ್ರಿ ಒಮ್ಮೆ ತಮಾಷೆ ಮಾಡಿದರು.
ಯಾರೂ ನಗಲಿಲ್ಲ.

ಕರ್ತನ ಪ್ರಾರ್ಥನೆ ಅವರವರ ಭಾಷೆಯಲ್ಲಿ.
ಒಟ್ಟಿಗೆ ಹೊರಟು ದಾರಿಯಲ್ಲಿ ಚದುರುತ್ತೇವೆ.
ಟೊರ್‌ಬ್ಯೋರ್ಗ್ ಕ್ಷಮೆ ಕೇಳುವಾಗ
ಲೆತೆಬ್ರಹಾನ್ ಇನ್ನೂ ರೊಟ್ಟಿ ಕೇಳುತ್ತಿರುತ್ತಾಳೆ,
ರೊಟ್ಟಿಯೆಂದರೆ ಅನ್ನವಾದ ನಾವ್ ಪೊ
ಇನ್ನೂ ಪರಲೋಕದಲ್ಲೇ ಇರುತ್ತಾಳೆ.
ನಾನು ಸಾಮಿಯಲ್ಲಿ ಗೊಣಗುತ್ತೇನೆ,
ಆಡಿದ್ದಕ್ಕೆ ಅಜ್ಜಿ ಶಾಲೆಯಲ್ಲಿ ಪೆಟ್ಟು ತಿಂದ ಭಾಷೆ.

ಹಿಂದಿನ ಪಾದ್ರಿ ಇದನ್ನು ಸರಿಪಡಿಸಲು ಹೋಗಿ
ಅಚ್ಚು ಹಾಕಿಸಿದ ಹಾಳೆ ಹಂಚಿದರು: ಒಂದೇ ಭಾಷೆ, ಒಂದೇ ಉಸಿರು.
ಮೂರು ವಾರ ನಡೆಯಿತು.
ನಾಲ್ಕನೆಯ ವಾರ ಮಕ್ಕಳು ಅದರಲ್ಲಿ ದೋಣಿ ಮಾಡಿದ್ದರು.
ಈಗ ಮೊದಲು ಮುಗಿಸಿದವರು ಕೊನೆಯವರಿಗೆ ಕಾಯುತ್ತಾರೆ.
ಸೂರಿನಿಂದ ಕರಗಿ ಬೀಳುವ ಹನಿಯ ಹಾಗೆ ಆಮೆನ್‌ಗಳು:
ಒಂದು, ಇನ್ನೊಂದು, ಆಮೇಲೆ ಎರಡು ಕೂಡಿ.

ಯಾವಾಗಲೂ ಮೊದಲು ಮುಗಿಸುವವನು ಬೋಗುಸ್ವಾಫ್.
ನಾಲಿಗೆ ಚುರುಕು ಎಂದುಕೊಂಡಿದ್ದೆ.
ಕಾಫಿ ಬಗ್ಗಿಸುತ್ತ ಅವನ ಹೆಂಡತಿ ಹೇಳಿದಳು:
"ಒಂದು ಸಾಲು ಹಾರಿಸುತ್ತಾನೆ.
ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ
ಎಂಬುದನ್ನು. ಸುಳ್ಳಾಡಲಾರೆ, ಅದೂ ದೇವರಿಗೆ, ಅನ್ನುತ್ತಾನೆ."
ಯಂತ್ರ ಅವನ ಎರಡು ಬೆರಳು ತಿಂದಿತ್ತು.
ವರದಿಯಲ್ಲಿ "ಕೆಲಸಗಾರನ ಅಜಾಗ್ರತೆ" ಎಂದು ಬರೆದವನು
ಐವಿನ್. ಟೊರ್‌ಬ್ಯೋರ್ಗಳ ಮಗ. ಮೂರನೆಯ ಬೆಂಚು, ಎಡಗಡೆ.

ಫೆಬ್ರವರಿಯ ಬಿರುಗಾಳಿಗೆ ಘಾಟಿ ಮುಚ್ಚಿ
ಪಾದ್ರಿ ಆಚೆ ಬದಿಯಲ್ಲಿ ಸಿಕ್ಕಿಬಿದ್ದ ಭಾನುವಾರ
ಬಂದವರು ಹನ್ನೊಂದು ಜನ. ಆರ್ಗನ್ ಇಲ್ಲ.
ಯಾರು ಶುರು ಮಾಡಬೇಕೆಂದು ಯಾರಿಗೂ ಹೊಳೆಯದೆ
ಎಲ್ಲರೂ ಚಾವಣಿಗೆ ತೂಗಿದ ಮರದ ಹಡಗನ್ನೇ ನೋಡಿದೆವು.
ಕಾಲುಚೀಲದ ಲೆತೆಬ್ರಹಾನ್ ಎದ್ದು, ತಿಗ್ರಿನ್ಯಾದಲ್ಲಿ,
"ನಮ್ಮ ತಂದೆಯೇ" ಅಂದಳು.
ಹಿಂದೆಯೇ ನಾವೂ ಹೊರಟೆವು.

ಆ ಸಾಲು ಬಂತು.
ಬೋಗುಸ್ವಾಫ್ ಹಾರಲಿಲ್ಲ ಅವತ್ತು. ಹೇಳಲೂ ಇಲ್ಲ.
ಬಾವಿಯ ಅಂಚಿಗೆ ಬಂದವನ ಹಾಗೆ ನಿಂತುಬಿಟ್ಟ.
ತುಸು ಹೊತ್ತಿಗೆ ಎಡಗಡೆಯೂ ಒಂದು ದನಿ ಕಡಿಯಿತು.
ತಾಯಿ ಹೇಳುತ್ತಲೇ ಇದ್ದಳು,
ಮಗನ ತುಟಿ ಬಿಗಿದಿತ್ತು.

ನಾವೆಲ್ಲ ನಮ್ಮ ನಮ್ಮ ಆಮೆನ್ ಮುಗಿಸಿದೆವು.
ಆ ಇಬ್ಬರೂ ಅಲ್ಲೇ ಇದ್ದರು, ಒಬ್ಬರನ್ನೊಬ್ಬರು ನೋಡದೆ,
ಇಡೀ ಪ್ರಾರ್ಥನೆಯಲ್ಲಿ
ಅವರಿಬ್ಬರೂ ಕೂಡಿ ನಿಂತದ್ದು ಅದೊಂದೇ ಜಾಗ.
ಗಾಳಿ ಕಿಟಕಿ ಅಲುಗಿಸಿತು. ನಾವ್ ಪೊಳ ಮಗು ಸೀನಿತು.
ಯಾರೂ ಕುಳಿತುಕೊಳ್ಳಲಿಲ್ಲ.
ಹಗ್ಗ ಕೈಯಲ್ಲಿ ಹಿಡಿದು
ನಾನೂ ಕಾಯುತ್ತಿದ್ದೆ.