ವಿಶ್ರಾಂತಿಯ ಎಂಟು ನಿಮಿಷ

ಬುಡೇನ್ ಸಾಬರು ಮೊದಲು ಬೆಲ್ಟು ಬಿಚ್ಚಿದರು,
ಆಮೇಲೆ ತಾಯಿತ, ಕೆಳದವಡೆಯ ಹಲ್ಲುಸೆಟ್ಟು,
ಕೊನೆಗೆ ಎರಡೂ ಕಿವಿಯ ಮಿಷನ್ನು
ಕರ್ಚೀಫಿನಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟರು.
ಇನ್ನು ನನ್ನ ಮಾತೆಲ್ಲ ಅವರಿಗೆ ಬರೀ ಬಾಯಿ.

ಆದರೂ ಫಾರಂ ಹಿಡಿದು ಕೂಗಿ ಕೇಳಿದೆ:
ಮೈಯೊಳಗೆ ಕಬ್ಬಿಣ? ಪೇಸ್‌ಮೇಕರ್? ಹಳೆಯ ರಾಡು?
"ಗಿರಣಿಯವರ ಮೂರು ವರ್ಷದ ಬಾಕಿ ಒಳಗೇ ಉಳಿದೈತವ್ವ,
ನಿಮ್ಮ ಅಯಸ್ಕಾಂತಕ್ಕೆ ಅಂಟಿಕೊಳ್ತೈತೇನು?"
ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಇಲ್ಲ ಎಂದು ಗೀಟೆಳೆದೆ.

ದಾವಣಗೆರೆ ತನ್ನ ಗಡಿಯಾರ ತಿದ್ದಿಕೊಳ್ಳುತ್ತಿದ್ದದ್ದೇ
ಆ ಗಿರಣಿಯ ಕೂಗು ಕೇಳಿ.
ಇಪ್ಪತ್ತೆಂಟು ವರ್ಷ ನೇಯ್ಗೆ ಖಾತೆ, ಎರಡನೇ ಪಾಳಿ,
ನಾನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡು.
ಕಿವಿ ಸವೆದದ್ದು ಯಾವ ದಿನವೆಂದು ಅವರಿಗೂ ಗೊತ್ತಿಲ್ಲ.
ಡಾಕ್ಟರ್ ಚಾರುಮತಿಯ ಸಂಶೋಧನೆ ಅದೇ:
ಶಬ್ದವೇ ಬಾರದ ಮೇಲೆ ಮಿದುಳಿನ ಕೇಳುವ ಜಾಗ
ಏನು ಮಾಡುತ್ತಾ ಕೂತಿರುತ್ತದೆ?
ಸಾಬರು ಪಟ್ಟಿಯಲ್ಲಿ ಹನ್ನೊಂದನೆಯವರು.

ತಲೆಗೆ ಪಂಜರ, ಪಂಜರದ ಮೇಲೊಂದು ಕನ್ನಡಿ,
ಸುರಂಗದೊಳಗೆ ಜೀವ ಗಾಬರಿಯಾಗದಿರಲೆಂದು
ಕಾಲಿನಾಚೆಯ ಗಾಜಿನ ಕಿಟಕಿ ಕಾಣುವ ಹಾಗೆ.
ಕಣ್ಣು ಬಿಟ್ಟಿರಿ, ಏನೂ ಯೋಚಿಸಬೇಡಿ
ಎಂದು ಬರೆದ ಹಲಗೆ ತೋರಿಸಿದೆ.
ಏನೂ ಯೋಚಿಸದವರನ್ನು ಈ ಏಳು ವರ್ಷದಲ್ಲಿ ಕಂಡಿಲ್ಲ ನಾನು.

ಶುರುವಾಯಿತು. ಟಕ ಟಕ ಟಕ, ಗರ್ರ್, ಮತ್ತೆ ಟಕ ಟಕ.
ನಮಗೆ ಶಬ್ದ. ಅವರಿಗೆ ದವಡೆಗೆ, ತೋಳಿನ ಮೂಳೆಗೆ
ತಾಗುವ ಹಳೆಯ ನಡುಕ.
ಅಯಸ್ಕಾಂತ ವಿಚಾರಿಸುವುದು ನೆನಪನ್ನಲ್ಲ, ನೀರನ್ನು.
ಕುಂದುವಾಡ ಕೆರೆಯಿಂದ ನಲ್ಲಿಗೆ ಬಂದು
ಚಹಾ ಆಗಿ, ಬೆವರಾಗಿ, ಮಿಕ್ಕು
ತಲೆಯೊಳಗೆ ತಂಗಿದ ನೀರು
ಕಣಕಣವೂ ಒಂದೇ ದಿಕ್ಕಿಗೆ ಮುಖ ತಿರುಗಿಸಿ,
ತಳ್ಳಿದರೆ ಓಲಾಡಿ, ಮರಳಿ ನಿಲ್ಲುವಾಗ
ತಾನೆಲ್ಲಿದ್ದೇನೆಂದು ಪಿಸುಗುಟ್ಟುತ್ತದೆ.
ರಕ್ತ ಓಡಿ ಹೋದಲ್ಲಿ ಆ ಪಿಸುಮಾತು ಒಂದೆಳೆ ಗಟ್ಟಿ,
ಅದೂ ಐದಾರು ಸೆಕೆಂಡು ತಡ,
ಮಿಂಚಿನ ಹಿಂದೆ ಗುಡುಗು ಬಂದ ಹಾಗೆ.

ಗಾಜಿನ ಈಚೆ ನಾವಿಬ್ಬರು.
ಮೊದಲು ತೆಗೆದ ಬೂದು ಚಿತ್ರಕ್ಕೆ ಬೆರಳಿಟ್ಟು
"ನೋಡು, ಈ ಭಾಗ ಎಷ್ಟು ತೆಳ್ಳಗಾಗಿದೆ,
ಆ ಮನೆ ಖಾಲಿ," ಎಂದರು ಡಾಕ್ಟರು.
ಹೂಂಗುಟ್ಟಿದೆ. ಸ್ವಲ್ಪ ಹೊತ್ತಿಗೆ ಹೊಟ್ಟೆ ಚುರುಗುಟ್ಟಿ
ಕ್ಯಾಂಟೀನಿಗೆ ಫೋನು ಹಚ್ಚಿದೆ:
"ಮಂಡಕ್ಕಿ, ಮೆಣಸಿನಕಾಯಿ. ಎರಡು ಪ್ಲೇಟು."

ಎಂಟು ನಿಮಿಷ ಮುಗಿದು ಹಾಸಿಗೆ ಹೊರಗೆ ಜಾರಿತು.
ಗಂಟು ಬಿಚ್ಚುವ ಮೊದಲೇ ನಕ್ಕರು ಸಾಬರು:
"ಮೂರು ಪ್ಲೇಟ್ ಅನ್ನಬಾರದಿತ್ತೇನವ್ವ?"

ಮಗ್ಗದ ಶೆಡ್ಡಿನಲ್ಲಿ ಯಾರ ದನಿ ಯಾರಿಗೆ ಕೇಳೀತು?
ಮೂವತ್ತು ಅಡಿ ದೂರದಿಂದ ತುಟಿ ನೋಡಿಯೇ
ದಾರ ಕಡಿದದ್ದು, ಮಗು ಹುಟ್ಟಿದ್ದು, ಜಾಬರ್ ಬರುತ್ತಿರುವುದು,
ಕಡೆಗೆ ಬೀಗಮುದ್ರೆಯ ಸುದ್ದಿಯನ್ನೂ
ಕಣ್ಣಲ್ಲೇ ಕೇಳಿದ್ದರಂತೆ.

ಮರುದಿನ ಡಾಕ್ಟರು ಗೆರೆಗಳನ್ನು ಬಿಡಿಸಿಟ್ಟರು.
ಖಾಲಿ ಮನೆಯಲ್ಲಿ ಎರಡು ಸಲ ದೀಪ ಹತ್ತಿತ್ತು.
ಫೋನು ಮಾಡಿದ ಹೊತ್ತು ನನ್ನ ಮೊಬೈಲಿನಲ್ಲಿತ್ತು,
ಅದಕ್ಕೆ ಐದಾರು ಸೆಕೆಂಡು ಕೂಡಿಸಿದೆವು:
ಎರಡನೆಯ ದಿಬ್ಬ, ಚಿಕ್ಕದು.
ಮೊದಲನೆಯದು ಅದಕ್ಕೂ ಮುಂಚಿನದು, ಎತ್ತರದ್ದು,
ಇಳಿಯಲು ಬಹಳ ಹೊತ್ತು ಹಿಡಿದದ್ದು.

ಅದರ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ.
ಮೆಣಸಿನಕಾಯಿ ಖಾರ ಸಾಲದೆಂದು ದೂರಿ,
ತಾಯಿತ ಕಟ್ಟಿಕೊಂಡು, "ಬರ್ತೀನವ್ವ" ಎಂದು ಹೋಗಿದ್ದರು.

ಹನ್ನೊಂದನೆಯ ಸಾಲು ಅಳಿಸುವುದೋ ಉಳಿಸುವುದೋ
ಎಂದು ಡಾಕ್ಟರು ಪೆನ್ನು ಹಿಡಿದೇ ಕೂತರು.
ಏನೋ ಹೇಳಲು ಬಾಯಿ ತೆರೆದವಳು
ಗಾಜಿನತ್ತ ನೋಡಿ ಮುಚ್ಚಿದೆ.
ಆಚೆ ಆಗಲೇ ಹನ್ನೆರಡನೆಯವರು ಮಲಗಿದ್ದರು,
ಅದೇ ಶೆಡ್ಡಿನವರು.