ಐಚ್ಛಿಕ

ಮಾರ್ಚ್ ಇಪ್ಪತ್ತೆಂಟು. ದುಧನಿಯ ಶಾಖೆಯೊಳಗೆ
ಫ್ಯಾನು ತಿರುಗುವುದು ಸಾಹೇಬರ ಕಡೆಗೆ ಮಾತ್ರ.
ಎರಡು ಲಕ್ಷ; ಶೇಂಗಾ ಚಟ್ನಿ ಕುಟ್ಟುವ ಯಂತ್ರಕ್ಕೆ.
ಎಷ್ಟು ತೊಳೆದರೂ ಕೈಗೆ ಬೆಳ್ಳುಳ್ಳಿ ವಾಸನೆ,
ಕಾಗದಕ್ಕೂ ಹತ್ತೀತೆಂದು ತುದಿಯಲ್ಲೇ ಹಿಡಿದೆ.

ಇಪ್ಪತ್ತಮೂರು ಹಾಳೆ, ಎಲ್ಲಾ ಮರಾಠಿ.
ಸಹಿ ಬೇಕಾದಲ್ಲೆಲ್ಲ ಪೆನ್ಸಿಲಿನ ಗುಣಾಕಾರ.
"ಇಲ್ಲಿ, ಮಹಾನಂದಾಬಾಯಿ, ಇಲ್ಲಿ, ಮತ್ತ ಇಲ್ಲಿ."
ಹದಿನಾರನೆಯದರಲ್ಲಿ ಒಂದು ಚೌಕ,
ಅದರೊಳಗೆ
ನನಗಿಂತ ಮೊದಲೇ ಬಂದು ಕೂತ ಟಿಕ್ಕು.

ಮರಾಠಿ ನಾನು ಬಜಾರದಲ್ಲಿ ಕಲಿತದ್ದು:
ತೂಕ, ದರ, ಜಗಳ. ಅಷ್ಟರಲ್ಲೇ ನಡೆದಿತ್ತು.
ಚೌಕದ ಪಕ್ಕ ಸಾಸಿವೆಯಷ್ಟು ಸಣ್ಣದಾಗಿ
ಒಂದು ಶಬ್ದ. ಅಕ್ಷರ ಅವರದು,
ಓದಿದರೆ ನಮ್ಮ ಕನ್ನಡ ಶಾಲೆಯ ಸಂಗಣ್ಣ ಮಾಸ್ತರರ ದನಿ:
ಐಚ್ಛಿಕ.
ಹಿಂದಿಯೋ ಚಿತ್ರಕಲೆಯೋ, ನಿನ್ನ ಐಚ್ಛಿಕ ಯಾವುದೆಂದು
ಏಳನೇ ಇಯತ್ತೆಯಲ್ಲಿ ಕೇಳಿದ್ದರು.
ಆಮೇಲೆ ನನ್ನನ್ನು ಯಾರೂ ಏನೂ ಕೇಳಿಲ್ಲ.

"ಇದೇನ್ರಿ?"
"ವಿಮಾ. ನಿಮ್ಮ ಜೀವಕ್ಕ. ಹನ್ನೊಂದು ಸಾವಿರದ ನಾನೂರು.
ಸಾಲದಾಗ ಸೇರಸ್ತೀವಿ, ನಿಮಗ ಭಾರಿಲ್ಲ."
ಭಾರವಿಲ್ಲದ್ದಕ್ಕೂ ಬಡ್ಡಿ ಹತ್ತುವುದನ್ನು
ತಕ್ಕಡಿ ಹಿಡಿದವಳಿಗೆ ಹೇಳಿಕೊಡಬೇಕೆ?
"ಬ್ಯಾಡಂದ್ರ?"
"ಕಂಪಲ್ಸರಿ ಐತ್ರಿ."
"ಹಂಗಂತ ಬರದು, ಸಿಕ್ಕಾ ಒತ್ತಿ ಕೊಡ್ರಿ."

ಹುಡುಗ. ಎದೆಯ ಮೇಲಿನ ಬಿಲ್ಲೆಯಲ್ಲಿ ವೈಭವ ಘೋಡಕೆ.
ಹಿಂದಿನ ಗೋಡೆಯ ತಖ್ತೆಯಲ್ಲೂ ಅದೇ ಹೆಸರು,
ಹೆಸರಿನೆದುರು ಮೂರು ಖಾಲಿ ಮನೆ.
ಅವನನ್ನೂ ಯಾರೂ ಕೇಳಿರಲಿಕ್ಕಿಲ್ಲ.
ಪೆನ್ನಿನ ಮುಚ್ಚಳ ತೆಗೆದ. ಮುಚ್ಚಿದ.
"ಸೋಮವಾರ ಬರ್ರಿ, ಹೊಸಾ ಫಾರ್ಮ್ ತೆಗೀಬೇಕು."

ಸೋಮವಾರ ಗುರುವಾರವಾಯಿತು.
ಮೈಂದರ್ಗಿಯಿಂದ ಮೂರು ಸಲ ಬಸ್ಸು,
ಮದುವೆ ಮನೆಯ ಒಂದು ಆರ್ಡರು ಕೈತಪ್ಪಿತು.
ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಾವಿನ ಭಯ ನನಗಿಲ್ಲ; ಅದರ ಪಾಲಿಸಿ ಒಂದು
ಟ್ರಂಕಿನಲ್ಲಿ ಸೀರೆಗಳ ನಡುವೆ ಮಲಗಿದೆ.
ಭಯ ಮೋಟಾರಿನದು: ನಮ್ಮೂರ ಕರೆಂಟು
ಬರುವಾಗ ಒದ್ದುಕೊಂಡೇ ಬರುತ್ತದೆ.
ಇಪ್ಪತ್ತಮೂರು ಹಾಳೆಯಲ್ಲಿ ಒಂದೂ ಅದನ್ನು ಕೇಳಿರಲಿಲ್ಲ.

ರಸ್ತೆಯಾಚೆ, ಬಳೆ ಅಂಗಡಿಯ ಮಾಳಿಗೆಯಲ್ಲಿ
ಏಜೆಂಟನೆದುರು ಕೂತು ಮೂರು ಕಂಪನಿಯ ಕಾಗದ ಹರಡಿಸಿದೆ.
ಶೇಂಗಾ ಆರಿಸುವಂತೆ ಆರಿಸಿದೆ,
ಜೊಳ್ಳು ಅತ್ತ, ಗಟ್ಟಿ ಇತ್ತ.
ಯಂತ್ರಕ್ಕೆ, ಬೆಂಕಿಗೆ, ಕರೆಂಟಿಗೆ; ವರ್ಷಕ್ಕೆ ಒಂಬೈನೂರು.
ಚೌಕ ಖಾಲಿಯಿತ್ತು.
ಟಿಕ್ಕು ನಾನೇ ಹಾಕಿದೆ.
ಸೊಟ್ಟಗಾಯಿತು,
ಬೆಳ್ಳುಳ್ಳಿ ವಾಸನೆಯೂ ಹತ್ತಿತು.