ನಾಲ್ಕು ಮಿಲಿಆಂಪಿಯರ್

ಸೋಹಾರಿನ ಈ ಉಪ್ಪುನೀರಿನ ಕಾರ್ಖಾನೆಯಲ್ಲಿ
ನನ್ನ ಹೆಲ್ಮೆಟ್ಟಿನ ಬಣ್ಣ ಹಸಿರು.
ಹಸಿರೆಂದರೆ ಹೊಸಬರು, ಒಂದು ಕಣ್ಣಿಟ್ಟಿರಿ ಅಂತ.
ನನಗೆ ನಲವತ್ತನಾಲ್ಕು.
ಕಣ್ಣಿಡುವ ಶಮ್ಸಾಗೆ ಇಪ್ಪತ್ತಾರು:
ಅಬಾಯದ ಮೇಲೆ ಕಿತ್ತಳೆ ಜಾಕೆಟ್ಟು,
ಜೇಬಲ್ಲಿ ಸ್ಕ್ರೂಡ್ರೈವರು,
ಹತ್ತಿರ ಬಂದರೆ ಏಲಕ್ಕಿ ವಾಸನೆ.

ಹಿಂದೆ ನಾನು ಸಿವಿಲ್.
ವರದಾ ನದಿಗೊಂದು ಸಣ್ಣ ಸೇತುವೆ,
ಐದು ಅಂಕಣ, ನಾಲ್ಕು ಕಂಬ.
ಕಂಬಕ್ಕೆ ಹಸಿ ಗೋಣಿ ಸುತ್ತಿಸಿ
ಇಪ್ಪತ್ತೆಂಟು ದಿನ ನೀರು ಕುಡಿಸಿದ್ದೇನೆ,
ಬಾಣಂತಿಗೆ ಹೊತ್ತು ಹೊತ್ತಿಗೆ ಕೊಟ್ಟ ಹಾಗೆ.
ಮೊದಲು ದಾಟಿದ ಗಾಡಿಯವನು ಎತ್ತಿಗೆ ಹೇಳಿದ:
'ನಡಿಯೋ ನಮ್ಮಪ್ಪ, ಗಟ್ಟಿ ಐತಿ.'
ಅಂಥ ಸರ್ಟಿಫಿಕೇಟು ಮತ್ತೆ ಸಿಗಲಿಲ್ಲ.

ಆಮೇಲೆ ವೀಸಾ.
ಗಂಡನ ಹೆಸರಿನ ಕೆಳಗೆ ನನ್ನ ಹೆಸರು,
ಅದರ ಕೆಳಗೆ ಮುದ್ರೆಯ ಸಾಲು:
ಕೆಲಸಕ್ಕೆ ಅನುಮತಿಯಿಲ್ಲ.
ನಸುಕಿನ ನಾಲ್ಕೂವರೆಗೆ ಬಡಿದ ರೊಟ್ಟಿ,
ಪಕ್ಕದ ಮನೆಯ ಮಲಯಾಳಿ ಹುಡುಗರಿಗೆ ಹೇಳಿಕೊಟ್ಟ ತ್ರಿಕೋನಮಿತಿ,
ಎಸಿಯಿಂದ ತೊಟ್ಟಿಕ್ಕಿದ್ದನ್ನು ಬಕೆಟಿನಲ್ಲಿ ಹಿಡಿದು
ಸಾಕಿದ ಒಂದು ಕರಿಬೇವು,
ಇವಕ್ಕೆಲ್ಲ ಮುದ್ರೆಯ ಭಾಷೆಯಲ್ಲಿ ಏನನ್ನುತ್ತಾರೋ.
ಅಡುಗೆಮನೆ ಗೋಡೆಯಲ್ಲಿ ಬಿರುಕೊಂದಿತ್ತು.
ಅದರ ತುದಿಗೆ ಪೆನ್ಸಿಲಿನಲ್ಲಿ ಗೆರೆ, ಪಕ್ಕದಲ್ಲಿ ತಾರೀಖು.
ತಿಂಗಳಿಗೊಮ್ಮೆ ನೋಡುವುದು, ಬೆಳೆದಿದೆಯೇ?
ಹನ್ನೆರಡು ವರ್ಷ.

ಕಾರ್ಡು ಬದಲಾದ ಮೇಲೆ
ಸಿವಿಲಿನವರೆಲ್ಲ ಕೇಳಿದ್ದು ಒಂದೇ,
ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?
ಇಲ್ಲಿಯವರು ಕೇಳಿದ್ದು,
ರಾತ್ರಿ ಪಾಳಿ ಆಗುತ್ತದೆಯೇ?

ಹಾವೇರಿಯಿಂದ ಅಕ್ಕ ಫೋನಿನಲ್ಲಿ:
'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ, ರುದ್ರವ್ವ?'
ಗಾದೆ ಕಟ್ಟಿದವರು ಖರ್ಜೂರದ ಮರ ನೋಡಿರಲಿಲ್ಲ ಬಿಡಕ್ಕ.
ಇಲ್ಲಿ ಗಾಳಿ ಬಂದರೆ
ಅಜ್ಜನ ವಯಸ್ಸಿನವೂ ಬಗ್ಗುತ್ತವೆ.

ಮಗಳ ಹತ್ತನೆಯ ತರಗತಿ ಪುಸ್ತಕದಲ್ಲಿ
ಓಮ್‌ನ ನಿಯಮ ಮತ್ತೆ ಓದಿದೆ.
ಇಂಚರಾ ಪರೀಕ್ಷೆ ಕೊಟ್ಟಳು. ಹತ್ತಕ್ಕೆ ಆರು.
'ಅಮ್ಮಾ, ಯೂನಿಟ್ಟೇ ಬರೆದಿಲ್ಲ ನೀನು.'

ನನ್ನ ಹಳೆಯ ಲೋಕದಲ್ಲಿ ಅಲುಗಾಡಿದರೆ ತಪ್ಪು.
ಇಲ್ಲಿ ಮುಳ್ಳು ಒಂದೇ ಕಡೆ ನಿಂತರೆ ಶಮ್ಸಾ ಓಡುತ್ತಾಳೆ.
ಹೊರೆ ಅಂದರೆ ಹೆಗಲಿಗೆ ಗೊತ್ತಾಗುತ್ತಿತ್ತು;
ಕರೆಂಟು ಕಣ್ಣಿಗೂ ಇಲ್ಲ, ಕೈಗೂ ಇಲ್ಲ,
ಕೈಗೆ ಸಿಕ್ಕರೆ ಕೈಯೇ ಇಲ್ಲ.
ಮೊದಲ ವಾರ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.
ಗೇಟಿನ ಬಲೂಚಿ ಮುದುಕ ದಾದ್ ರಹೀಮ್
'ಯಾ ಮುಹಂದಿಸಾ, ಕಾರ್ಡ್!' ಅನ್ನುತ್ತಾನೆ.
ಮುಹಂದಿಸಾ ಅಂದರೆ ಇಂಜಿನಿಯರಮ್ಮ.
ಕಸ ಗುಡಿಸುವವಳಿಗೂ ಹಾಗೇ ಅನ್ನುತ್ತಾನೆಂದು
ಎರಡು ದಿನವಾದ ಮೇಲೆ ತಿಳಿಯಿತು.

ಒಂದು ರಾತ್ರಿ ಪಂಪಿನ ಅಬ್ಬರದಲ್ಲಿ
ಕಿವಿಗೆ ಬಾಯಿಟ್ಟು ಶಮ್ಸಾ ಕೇಳಿದಳು:
'ಕೊಳವೆಯಲ್ಲಿ ಒತ್ತಡ ಸೊನ್ನೆ. ತಂತಿಯಲ್ಲಿ ಎಷ್ಟು?'
'ಸೊನ್ನೆ.'
'ನಾಲ್ಕು, ಉಮ್ಮ್ ಇಂಚರಾ. ನಾಲ್ಕು ಮಿಲಿಆಂಪಿಯರ್.
ಸೊನ್ನೆ ಬಂದರೆ ತಂತಿ ಕಡಿದಿದೆ.
ನಾಲ್ಕು ಬಂದರೆ, ಏನೂ ನಡೆದಿಲ್ಲ,
ತಂತಿಗೆ ಜೀವ ಇದೆ.'
ಸಾರಿಗೆ ಉಪ್ಪು ಎಷ್ಟೆಂದು ಹೇಳಿದಷ್ಟೇ ಹಗುರಾಗಿ ಹೇಳಿ
ಚಹಾ ತರಲು ಹೋದಳು.
ನಾನು ಮೀಟರು ಹಿಡಿದು ನಿಂತೇ ಇದ್ದೆ,
ಅದು ನಾಲ್ಕು ಎನ್ನುತ್ತಲೇ ಇತ್ತು.

ನಿನ್ನೆ ಒಬ್ಬಳೇ ಒಂದು ಟ್ರಾನ್ಸ್‌ಮಿಟರು ಹೊಂದಿಸಿದೆ.
ನಾಲ್ಕು, ಎಂಟು.
ಹನ್ನೆರಡು ಸರಿಯಾಗಿ ನಡುಮಧ್ಯ;
ಅಲ್ಲಿ ಹನ್ನೆರಡು ದಶಾಂಶ ಸೊನ್ನೆ ಮೂರು ತೋರಿಸಿತು.
'ನಡೆಯುತ್ತದೆ, ಬಿಡು,' ಅಂದಳು ಶಮ್ಸಾ.
ಬಿಡಲಿಲ್ಲ. ಒಂದು ಕೂದಲಷ್ಟು ತಿರುಗಿಸಿದೆ.
ಈಗ ಅತ್ತ ಕಡೆ ಕಡಿಮೆ.
ಇಬ್ಬರೂ ನಕ್ಕೆವು.

ಬೆಳಗಿನ ಬಸ್ಸಿನಲ್ಲಿ ಮನೆಗೆ ಬಂದು
ಬೂಟು ಬಿಚ್ಚುವ ಮೊದಲೇ ಗೋಡೆ ನೋಡಿದೆ.
ಎಷ್ಟು ತಿಂಗಳಾಗಿತ್ತೋ,
ಬಿರುಕು ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗಿತ್ತು.
ಪೆನ್ಸಿಲು ಹುಡುಕಿದೆ, ಸಿಗಲಿಲ್ಲ.
ಜೇಬಿನ ಸ್ಕ್ರೂಡ್ರೈವರು ತೆಗೆದು
ಅದರ ತುದಿಯಿಂದ
ಸುಣ್ಣದಲ್ಲಿ ತಾರೀಖು ಕೊರೆದೆ.